ಅಮ್ಮ ಓದಲಾಗದ ಭಾಷೆಯಲ್ಲಿ ಅಮ್ಮನ ಕಥೆ ಬರೆಯಬಹುದಾ? ಇಟಾಲಿಯನ್-ಕೆನಡಿಯನ್ ಬರಹಗಾರರ ಬಗ್ಗೆ ಚರ್ಚೆ

ಹಾಸನದ_ಓದುಗ
ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಿನೊ ರಿಚ್ಚಿ ಅವರ 'ಲೈವ್ಸ್ ಆಫ್ ದ ಸೇಂಟ್ಸ್' ಓದಿ ಮುಗಿಸಿದೆ. ಮಗಳು ಮಿಸ್ಸಿಸಾಗಾದಿಂದ ಬರುವಾಗ ತಂದಿದ್ದಳು. ಇಟಲಿಯ ಗುಡ್ಡದ ಮೇಲಿನ ಒಂದು ಹಳ್ಳಿ. ಅಪ್ಪ ದುಡಿಯಲು ಕೆನಡಾಕ್ಕೆ ಹೋಗಿದ್ದಾನೆ. ಊರಲ್ಲೇ ಉಳಿದ ತಾಯಿ ಕ್ರಿಸ್ತೀನಾಗೆ ಕೊಟ್ಟಿಗೆಯಲ್ಲಿ ಹಾವು ಕಚ್ಚುತ್ತದೆ. ಆ ಹೊತ್ತಿನಲ್ಲಿ ಅವಳು ಅಲ್ಲಿ ಒಬ್ಬಳೇ ಇರಲಿಲ್ಲ. ಆಮೇಲೆ ಹೊಟ್ಟೆ ಕಾಣಿಸತೊಡಗುತ್ತದೆ, ಊರಿನ ಬಾಯಿಗೆ ಕೆಲಸ ಸಿಗುತ್ತದೆ. ಇದನ್ನೆಲ್ಲ ಹೇಳುವವನು ಅವಳ ಮಗ ವಿತ್ತೋರಿಯೊ, ಇನ್ನೂ ಚಿಕ್ಕ ಹುಡುಗ. ಅವನಿಗೆ ಅರ್ಧ ಗೊತ್ತಾಗುತ್ತದೆ, ಅರ್ಧ ಗೊತ್ತಾಗುವುದಿಲ್ಲ. ನಮಗೆ ಮಾತ್ರ ಎಲ್ಲ ಗೊತ್ತಾಗುತ್ತದೆ.

ಪುಸ್ತಕ ತುಂಬಾ ಹಿಡಿಸಿತು. ಆದರೆ ಒಂದು ವಿಷಯ ತಲೆಯಲ್ಲೇ ಕೂತಿದೆ. ಇಟಲಿಯಿಂದ ಕೆನಡಾಕ್ಕೆ ಹೋದವರ ಮಕ್ಕಳು ಬರೆದ ಪುಸ್ತಕಗಳ ಬಗ್ಗೆ ಹುಡುಕಿ ನೋಡಿದೆ. ಕಾದಂಬರಿ, ಕವಿತೆ, ನಾಟಕ, ಯಾವುದನ್ನು ತೆಗೆದರೂ ಅಪ್ಪ, ಅಮ್ಮ, ಮನೆ, ಮನೆಯೊಳಗಿನ ಜಗಳ. ಬರೆದಿದ್ದು ಇಂಗ್ಲಿಷ್‌ನಲ್ಲಿ ಅಥವಾ ಫ್ರೆಂಚ್‌ನಲ್ಲಿ. ಆ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಊರಿನ ಆಡುಮಾತು ಬಿಟ್ಟರೆ ಬೇರೆ ಭಾಷೆಯಲ್ಲಿ ಒಂದು ಪುಟವನ್ನೂ ಓದಲಾರದವರು. ಅಂದರೆ ಯಾರ ಬಗ್ಗೆ ಬರೆದರೋ ಅವರೇ ಓದುವ ಹಾಗಿಲ್ಲ. ಇದು ಬರೆಯುವವರಿಗೆ ಸಿಕ್ಕ ಸ್ವಾತಂತ್ರ್ಯವಾ? ಅಥವಾ ಬೆನ್ನ ಹಿಂದೆ ಆಡಿಕೊಂಡ ಹಾಗಾ? ತಿಳಿದವರು ಹೇಳಿ. ಜೊತೆಗೆ ಮುಂದೆ ಏನು ಓದಬಹುದು ಅಂತಲೂ ಹೇಳಿ.

ರವೆ_ಇಡ್ಲಿ
ಇಟಾಲಿಯನ್ನರು ಅಂದ ಕೂಡಲೇ ಪಿಜ್ಜಾ ಬಗ್ಗೆ ಅಂದುಕೊಂಡು ಓಡಿಬಂದೆ. ನಿರಾಸೆಯಾಯಿತು.

ಬಸವನಗುಡಿ_ಬಾಲ್ಕನಿ
ಇದರಲ್ಲಿ ಇಟಾಲಿಯನ್ನರದ್ದೇ ಅನ್ನುವಂಥದ್ದು ಏನಿದೆ ಸರ್? ಬರೆಯುವವರೆಲ್ಲ ಮೊದಲು ಕೈ ಹಾಕುವುದೇ ಮನೆಯವರ ಮೇಲೆ. ಓದಲು ಬರುವ ಅಮ್ಮಂದಿರೂ ಓದುವುದಿಲ್ಲ, ಅದು ಬೇರೆ ಮಾತು. ರಿಚ್ಚಿ ಇಟಲಿಯಲ್ಲಿ ಹುಟ್ಟಿ ಬೆಳೆದವರು, ಕಂಡಿದ್ದನ್ನು ಬರೆದಿದ್ದಾರೆ. ಅಷ್ಟೇ.

ಮಾಂಟ್ರಿಯಲ್_ಮಲ್ಲಿಗೆ
@ಬಸವನಗುಡಿ_ಬಾಲ್ಕನಿ, ರಿಚ್ಚಿ ಇಟಲಿಯಲ್ಲಿ ಹುಟ್ಟಿದವರಲ್ಲ. 1959ರಲ್ಲಿ ಒಂಟಾರಿಯೊದ ಲೆಮಿಂಗ್ಟನ್‌ನಲ್ಲಿ ಹುಟ್ಟಿದರು. ಅಪ್ಪ ಅಮ್ಮ ಮೊಲಿಸೆ ಪ್ರಾಂತ್ಯದವರು. ಕಾದಂಬರಿಯ ಹಳ್ಳಿ ಅವರು ಕಣ್ಣಾರೆ ಕಂಡು ಬೆಳೆದ ಹಳ್ಳಿಯೇ ಅಲ್ಲ. ಮನೆಯಲ್ಲಿ ಕೇಳಿದ ಮಾತು, ಆಮೇಲೆ ಓದಿದ್ದು, ಹೋಗಿ ನೋಡಿದ್ದು, ಉಳಿದಿದ್ದು ಕಲ್ಪನೆ. ಹಾಗಾಗಿ "ಕಂಡಿದ್ದನ್ನು ಬರೆದರು" ಅನ್ನುವುದು ಇಲ್ಲಿ ನಿಲ್ಲುವುದಿಲ್ಲ.

ಇನ್ನು ಇಟಾಲಿಯನ್ನರದ್ದೇ ಆದದ್ದು ಏನು ಅಂತ ಕೇಳಿದಿರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಪ್ಪತ್ತು ಇಪ್ಪತ್ತೈದು ವರ್ಷ ಇಟಲಿಯ ದಕ್ಷಿಣದ ಹಳ್ಳಿಗಳಿಂದ ಜನ ಹಡಗು ಹತ್ತಿದರು. ಮೊಲಿಸೆ, ಕಲಾಬ್ರಿಯಾ, ಅಬ್ರುಜ್ಜೊ, ಸಿಸಿಲಿ. ಎಷ್ಟೋ ಜನ ಹ್ಯಾಲಿಫ್ಯಾಕ್ಸ್‌ನ ಪಿಯರ್ 21ರಲ್ಲಿ ಇಳಿದು ರೈಲು ಹತ್ತಿ ಮಾಂಟ್ರಿಯಲ್, ಟೊರಾಂಟೊ ಸೇರಿದರು. ಗಂಡಸರು ಗಾರೆ, ಕಾಂಕ್ರೀಟು, ಸುರಂಗ. ಹೆಂಗಸರು ಬಟ್ಟೆ ಕಾರ್ಖಾನೆ. ಹೆಚ್ಚಿನವರು ಶಾಲೆಗೆ ಹೋಗಿದ್ದೇ ಕಡಿಮೆ. ಅವರ ಮಕ್ಕಳು ನೇರ ವಿಶ್ವವಿದ್ಯಾಲಯಕ್ಕೆ ಹೋದರು. ಒಂದೇ ತಲೆಮಾರಿನಲ್ಲಿ ಅಷ್ಟು ದೊಡ್ಡ ಜಿಗಿತ. ಮನೆಗೆ ಬಂದರೆ ಕಾಲೇಜಿನಲ್ಲಿ ಓದಿದ್ದನ್ನು ಹೇಳಿಕೊಳ್ಳಲು ಮಕ್ಕಳಿಗೆ ಮಾತೇ ಇಲ್ಲ. ಆ ಮಕ್ಕಳೇ ಬರಹಗಾರರಾದರು.

1978 ದೊಡ್ಡ ವರ್ಷ. ಅದೇ ವರ್ಷ ಪಿಯೆರ್ ಜಾರ್ಜಿಯೊ ಡಿ ಚಿಕ್ಕೊ 17 ಕವಿಗಳ ಕವಿತೆಗಳನ್ನು ಸೇರಿಸಿ 'ರೋಮನ್ ಕ್ಯಾಂಡಲ್ಸ್' ತಂದರು. ಆಂಟೋನಿಯೊ ದಾಲ್ಫೋನ್ಸೊ ಮಾಂಟ್ರಿಯಲ್‌ನಲ್ಲಿ ಗ್ವೆರ್ನಿಕಾ ಪ್ರಕಾಶನ ಶುರು ಮಾಡಿದರು. ಫ್ರಾಂಕ್ ಪಾಚಿಯವರ ಮೊದಲ ಕಾದಂಬರಿ 'ದ ಇಟಾಲಿಯನ್ಸ್' ಬಂತು. 1986ರಲ್ಲಿ ಈ ಬರಹಗಾರರು ವ್ಯಾಂಕೂವರ್‌ನಲ್ಲಿ ಸೇರಿ ತಮ್ಮದೇ ಸಂಘ ಕಟ್ಟಿಕೊಂಡರು. ಅಲ್ಲಿಯ ತನಕ ಅವರಲ್ಲಿ ಎಷ್ಟೋ ಜನಕ್ಕೆ ತಮ್ಮ ಹಾಗೆ ಬರೆಯುವವರು ಇನ್ನೊಬ್ಬರು ಇದ್ದಾರೆ ಅಂತಲೇ ಗೊತ್ತಿರಲಿಲ್ಲ.

ರವೆ_ಇಡ್ಲಿ
ಡಿ ಚಿಕ್ಕೊ ಅಂದರೆ ಆಮೇಲೆ ಪಾದ್ರಿ ಆದವರು ಅಲ್ವಾ?

ಮಾಂಟ್ರಿಯಲ್_ಮಲ್ಲಿಗೆ
ಹೌದು, ಅವರೇ. ಅರೆಜ್ಜೊದಲ್ಲಿ 1949ರಲ್ಲಿ ಹುಟ್ಟಿದವರು. ಕವಿಯಾಗಿ ಒಳ್ಳೆ ಹೆಸರು ಬಂದ ಹೊತ್ತಿನಲ್ಲೇ ಮಠ ಸೇರಿದರು, ಆಮೇಲೆ ಪಾದ್ರಿಯಾದರು. ಎಷ್ಟೋ ವರ್ಷ ಪುಸ್ತಕವೇ ಇಲ್ಲ. ಮತ್ತೆ ಬರೆಯಲು ಶುರು ಮಾಡಿ 2004ರಿಂದ 2009ರ ತನಕ ಟೊರಾಂಟೊ ನಗರದ ಅಧಿಕೃತ ಕವಿಯಾಗಿದ್ದರು. 2019ರಲ್ಲಿ ತೀರಿಕೊಂಡರು. ಪಾದ್ರಿ ಕೆಲಸ, ಕವಿ ಕೆಲಸ ಎರಡನ್ನೂ ಮಾಡಿದ ಮನುಷ್ಯ. ನಮ್ಮಲ್ಲಿ ಆಗಿದ್ದರೆ ಯಾವುದೋ ಒಂದನ್ನು ಬಿಡು ಅನ್ನುತ್ತಿದ್ದರು.

ವುಡ್‌ಬ್ರಿಜ್_ವಾಸಿ
ಹಾಸನದ ಸರ್ ಕೇಳಿದ್ದಕ್ಕೆ ನನ್ನ ಹತ್ತಿರ ಪುಸ್ತಕದ ಉತ್ತರ ಇಲ್ಲ, ಮನೆಯ ಉತ್ತರ ಇದೆ. ನಾವು ಕೆನಡಾಕ್ಕೆ ಬಂದಾಗ ಟೊರಾಂಟೊ ಪಕ್ಕದ ವುಡ್‌ಬ್ರಿಜ್‌ನಲ್ಲಿ ಒಬ್ಬ ಕಲಾಬ್ರಿಯಾ ಅಜ್ಜ ಅಜ್ಜಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಮೇಲೆ ಚೆಂದದ ಅಡುಗೆಮನೆ ಇದ್ದರೂ ಅಜ್ಜಿ ಅಡುಗೆ ಮಾಡುತ್ತಿದ್ದುದು ನೆಲಮಾಳಿಗೆಯ ಎರಡನೇ ಅಡುಗೆಮನೆಯಲ್ಲಿ. ಮೇಲಿನದು ನೆಂಟರಿಗೆ ತೋರಿಸಲು.

ಆಗಸ್ಟ್ ಕೊನೆ ಬಂತೆಂದರೆ ಗ್ಯಾರೇಜಿನಿಂದ ಕಾರು ಹೊರಗೆ, ಟೊಮೇಟೊ ಒಳಗೆ. ಉದ್ದ ಟೊಮೇಟೊದ ಬುಟ್ಟಿಗಳು ಗೋಡೆಯುದ್ದಕ್ಕೂ ಜೋಡಿಸಿರುತ್ತಿದ್ದವು. ಒಬ್ಬರು ತೊಳೆಯುವುದು, ಒಬ್ಬರು ಹೆಚ್ಚುವುದು, ಅಜ್ಜ ಕೈಯಂತ್ರ ತಿರುಗಿಸುವುದು. ಒಂದು ಕಡೆ ಸಿಪ್ಪೆ ಬೀಜ, ಇನ್ನೊಂದು ಕಡೆ ರಸ. ಪ್ರತಿ ಗಾಜಿನ ಬಾಟಲಿಗೂ ಒಂದು ತುಳಸಿ ಜಾತಿಯ ಎಲೆ. ಆಮೇಲೆ ಹಿತ್ತಲಲ್ಲಿ ದೊಡ್ಡ ಡ್ರಮ್ಮಿನಲ್ಲಿ ಬಾಟಲಿ ನಿಲ್ಲಿಸಿ, ನಡುವೆ ಹಳೇ ಬಟ್ಟೆ ತುರುಕಿ ಕುದಿಸುತ್ತಿದ್ದರು. ನಮ್ಮನ್ನೂ ಕೆಲಸಕ್ಕೆ ಹಚ್ಚುತ್ತಿದ್ದರು, ಬಾಡಿಗೆಯಲ್ಲಿ ರಿಯಾಯಿತಿ ಮಾತ್ರ ಇಲ್ಲ.

ಅವರ ಮಗಳು ಚಿತ್ರ ಬರೆಯುತ್ತಾಳೆ. ಒಂದು ಚಿತ್ರದಲ್ಲಿ ಅವಳಮ್ಮ ಹೊಲಿಗೆ ಯಂತ್ರದ ಮುಂದೆ ನಿದ್ದೆ ಹೋಗಿದ್ದಾಳೆ, ಬಾಯಿ ತೆರೆದಿದೆ. ಪ್ರದರ್ಶನದಲ್ಲಿ ಅದನ್ನು ನೋಡಿ ಅಜ್ಜಿ ಮಗಳ ಹತ್ತಿರ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ನಿದ್ದೆಗಲ್ಲ ಸಿಟ್ಟು. ಮನೆಗೆಲಸದ ಏಪ್ರನ್ ತೆಗೆಯದೆ ಚಿತ್ರ ಬರೆದಳಲ್ಲ ಅಂತ! ಚಿತ್ರ ಓದಲು ಯಾವ ಭಾಷೆಯೂ ಬೇಡ ನೋಡಿ. ಹಾಗಾಗಿ ಕಾದಂಬರಿ ಬರೆದವರು ಬಚಾವಾದರು, ಚಿತ್ರ ಬರೆದವರು ಸಿಕ್ಕಿಬಿದ್ದರು.

ತುಂಗಾತೀರ
ಏಪ್ರನ್ ವಿಷಯ ಓದಿ ನಕ್ಕೂ ನಕ್ಕೂ ಸಾಕಾಯಿತು. ನಮ್ಮಮ್ಮ ಫೋಟೋಗೆ ನೈಟಿ ಮೇಲೆ ಟವೆಲ್ ಹೊದ್ದುಕೊಳ್ಳುವವರು. ಇದೇ ಜಾತಿ.

ಗಣಕ_ಗೌಡ
@ವುಡ್‌ಬ್ರಿಜ್_ವಾಸಿ ಅಂಜೂರದ ಗಿಡ ಹೂಳುತ್ತಾರಂತೆ, ನಿಜವಾ? ಯಾರೋ ಹೇಳಿದ್ದರು, ನಂಬಿರಲಿಲ್ಲ.

ವುಡ್‌ಬ್ರಿಜ್_ವಾಸಿ
ನಿಜ. ನವೆಂಬರ್‌ನಲ್ಲಿ ಗಿಡದ ಒಂದು ಪಕ್ಕದ ಬೇರು ಕಡಿದು, ಕೊಂಬೆಗಳನ್ನು ಹಗ್ಗದಿಂದ ಕಟ್ಟಿ, ಇಡೀ ಗಿಡವನ್ನೇ ಗುಂಡಿಗೆ ಬಗ್ಗಿಸಿ ಮಲಗಿಸುತ್ತಾರೆ. ಮೇಲೆ ಹಲಗೆ, ಒಣ ಎಲೆ, ಹಳೇ ಕಾರ್ಪೆಟ್ಟು, ಮಣ್ಣು. ಏಪ್ರಿಲ್‌ನಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಅಜ್ಜ ಇದಕ್ಕೆ ನನ್ನನ್ನೂ ಕರೆಯುತ್ತಿದ್ದರು, ನನ್ನ ಸೊಂಟ ಇವತ್ತಿಗೂ ಅದನ್ನು ಮರೆತಿಲ್ಲ. ದಯವಿಟ್ಟು ಇದನ್ನು ವಲಸಿಗರ ಬದುಕಿನ ರೂಪಕ ಅಂತ ಯಾರೂ ಶುರು ಮಾಡಬೇಡಿ. ಅಲ್ಲಿನ ಕವಿಗಳು ಅದನ್ನು ಆಗಲೇ ಸಾಕಷ್ಟು ಮಾಡಿದ್ದಾರೆ.

ಹಳೇಸೇತುವೆ
ವಿಷಯಕ್ಕೆ ಬರೋಣ. ಬೆನ್ನ ಹಿಂದೆ ಆಡಿಕೊಳ್ಳುವುದು ಅಂತ ಮೂಲ ಪ್ರಶ್ನೆಯಲ್ಲಿ ಇದೆ. ನನಗೆ ಅದು ಸರಿ ಕಾಣಲಿಲ್ಲ. ಫ್ರಾಂಕ್ ಪಾಚಿಯವರ 'ಬ್ಲ್ಯಾಕ್ ಮಡೋನಾ' ಓದಿ, 1982ರದು. ಸೂ ಸೇಂಟ್ ಮರೀ ಅನ್ನುವ ಉಕ್ಕಿನ ಕಾರ್ಖಾನೆಯ ಊರು. ತಾಯಿ ಅಸುಂತಾ ಕಪ್ಪು ಬಟ್ಟೆ ಬಿಟ್ಟು ಬೇರೆ ಉಡುವುದಿಲ್ಲ, ಇಂಗ್ಲಿಷ್ ಕಲಿಯುವುದಿಲ್ಲ. ಮಗಳು ಮರೀಗೆ ಅವಳನ್ನು ಕಂಡರೆ ನಾಚಿಕೆ. ಟೊರಾಂಟೊಗೆ ಓದಲು ಓಡಿಹೋಗುತ್ತಾಳೆ. ಅಲ್ಲಿ ಹೋಗಿ ನೆಮ್ಮದಿ ಸಿಗುತ್ತದಾ ಅಂದರೆ ಅದೂ ಇಲ್ಲ, ಊಟವನ್ನೇ ಬಿಡುತ್ತಾಳೆ. ತಾಯಿ ಇಟಲಿಯಿಂದ ತಂದ ಮದುವೆ ಪೆಟ್ಟಿಗೆಯೊಂದು ಮನೆಯಲ್ಲಿ ಇರುತ್ತದೆ. ಮಗಳಿಗೆ ತಾಯಿಯ ಬದುಕಿನ ಅಂದಾಜು ಸಿಗುವುದು ಆ ಪೆಟ್ಟಿಗೆಯಿಂದ, ಅದೂ ತುಂಬಾ ತಡವಾಗಿ.

ಇಲ್ಲಿ ತಾಯಿಯನ್ನು ಆಡಿಕೊಂಡಿಲ್ಲ. ಬೈಸಿಕೊಳ್ಳುವುದು ಮಗಳೇ. ಈ ಪುಸ್ತಕಗಳಲ್ಲಿ ನಾಚಿಕೆ ಪಟ್ಟುಕೊಂಡವರು ಯಾರು ಅಂತ ಲೆಕ್ಕ ಹಾಕಿ, ಅಪ್ಪ ಅಮ್ಮಂದಿರಲ್ಲ, ಮಕ್ಕಳು.

ಬಸವನಗುಡಿ_ಬಾಲ್ಕನಿ
ಚೆನ್ನಾಗಿ ಹೇಳಿದಿರಿ, ಆದರೆ ಅದೂ ಒಂದು ಜಾಣತನವೇ. "ನನ್ನ ನಾಚಿಕೆ" ಅಂತ ಬರೆದರೂ ಬಯಲಾಗುವುದು ಅಮ್ಮನ ಮನೆ. ಪ್ರಶಸ್ತಿ ಸಿಗುವುದು ಮಗನಿಗೆ. ರಿಚ್ಚಿಗೆ ಇದೇ ಪುಸ್ತಕಕ್ಕೆ ಗವರ್ನರ್ ಜನರಲ್ ಪ್ರಶಸ್ತಿ ಬಂತು, ಆಮೇಲೆ ಸೋಫಿಯಾ ಲೋರೆನ್ ಹಾಕಿಕೊಂಡು ಟಿವಿ ಧಾರಾವಾಹಿ ಬೇರೆ ಆಯಿತು.

ಹಳೇಸೇತುವೆ
ಪ್ರಶಸ್ತಿ ಬಂದರೆ ತಪ್ಪಾ? ಕಾದಂಬರಿ ಸರ್, ಅಫಿಡವಿಟ್ ಅಲ್ಲ. ಕ್ರಿಸ್ತೀನಾ ರಿಚ್ಚಿಯವರ ತಾಯಿ ಅಂತ ಯಾರು ಹೇಳಿದರು ನಿಮಗೆ?

ಬಸವನಗುಡಿ_ಬಾಲ್ಕನಿ
ಹಾಗಂತ ನಾನು ಹೇಳಲಿಲ್ಲ. ಆದರೆ ಊರಿನವರು ಹಾಗೇ ಓದುತ್ತಾರೆ. ಸಣ್ಣ ಸಮುದಾಯಗಳಲ್ಲಿ ಕಾದಂಬರಿ ಅನ್ನುವುದೇ ಇರುವುದಿಲ್ಲ, "ಅದು ಯಾರ ಬಗ್ಗೆ?" ಅನ್ನುವುದು ಮಾತ್ರ ಇರುತ್ತದೆ. ಇಲ್ಲಿನ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಒಂದು ಕಥೆ ಬರೆದು ನೋಡಿ, ಗೊತ್ತಾಗುತ್ತದೆ.

ಮಾಂಟ್ರಿಯಲ್_ಮಲ್ಲಿಗೆ
ಫ್ರೆಂಚ್ ಕಡೆಯ ಕಥೆಯನ್ನು ಯಾರೂ ಎತ್ತಲಿಲ್ಲ. ಮಾರ್ಕೊ ಮಿಕೋನೆ ಬಗ್ಗೆ ಹೇಳಲೇಬೇಕು. ಅವರೂ ಮೊಲಿಸೆಯವರೇ, ಮೊಂತೆಲೊಂಗೊ ಅನ್ನುವ ಹಳ್ಳಿ. 1958ರಲ್ಲಿ ಹುಡುಗನಾಗಿ ಮಾಂಟ್ರಿಯಲ್‌ಗೆ ಬಂದವರು. 1982ರಲ್ಲಿ 'ಜಾಂ ದ್ಯು ಸಿಲಾಂಸ್' ಅನ್ನುವ ನಾಟಕ ಪ್ರಕಟಿಸಿದರು. ಮಾತಿಲ್ಲದ ಜನರ ನಾಟಕ ಅನ್ನಬಹುದು. ವಲಸಿಗ ಅಪ್ಪ, ಓದಿದ ಮಗಳು, ಮನೆಯಲ್ಲೇ ಸೀಳು.

ಅದರ ಹಿನ್ನೆಲೆ ಗೊತ್ತಿಲ್ಲದಿದ್ದರೆ ನಾಟಕ ಅರ್ಧವೇ ಅರ್ಥವಾಗುವುದು. ಮಾಂಟ್ರಿಯಲ್ ಇರುವುದು ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ. ಅಲ್ಲಿನ ಸೇಂಟ್ ಲಿಯೊನಾರ್ಡ್ ಇಟಾಲಿಯನ್ನರು ತುಂಬಿದ್ದ ಬಡಾವಣೆ. 1968ರಲ್ಲಿ ಅಲ್ಲಿನ ಶಾಲಾ ಮಂಡಳಿ ಹೊಸದಾಗಿ ಸೇರುವ ಮಕ್ಕಳಿಗೆ ಫ್ರೆಂಚ್ ಮಾಧ್ಯಮ ಮಾತ್ರ ಅಂತ ತೀರ್ಮಾನಿಸಿತು. ಇಟಾಲಿಯನ್ ಅಪ್ಪಂದಿರಿಗೆ ಇಂಗ್ಲಿಷ್ ಬೇಕು, ಕೆಲಸ ಸಿಗುವುದು ಅದರಿಂದ ಅಂತ. ಮನೆಗಳ ನೆಲಮಾಳಿಗೆಯಲ್ಲೇ ಇಂಗ್ಲಿಷ್ ಪಾಠ ಶುರು ಮಾಡಿದರು. 1969ರ ಸೆಪ್ಟೆಂಬರ್‌ನಲ್ಲಿ ಬೀದಿಯಲ್ಲಿ ಹೊಡೆದಾಟವಾಯಿತು. ಸರ್ಕಾರ ಒಂದಾದ ಮೇಲೊಂದು ಕಾನೂನು ತಂತು. ಕೊನೆಗೆ 1977ರ 101ನೇ ಕಾನೂನಿನಿಂದ ವಲಸಿಗರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕಾಯಿತು. ಜಗಳ ಇಂಗ್ಲಿಷ್‌ನವರದ್ದು ಮತ್ತು ಫ್ರೆಂಚ್‌ನವರದ್ದು. ನಡುವೆ ಸಿಕ್ಕಿದ್ದು ಮೂರನೆಯವರು.

ಮಿಕೋನೆ ಅಂಥ ಹೊತ್ತಿನಲ್ಲಿ ಫ್ರೆಂಚ್‌ನಲ್ಲಿ ಬರೆದರು. ಅವರ ಜನರಲ್ಲಿ ಎಷ್ಟೋ ಮಂದಿ ಇಂಗ್ಲಿಷ್ ಕಡೆ ಓಡುತ್ತಿದ್ದಾಗ ಇವರು ಉಲ್ಟಾ ಹೋದರು. ಹೋಗಿ ಸುಮ್ನೆ ಕೂರಲಿಲ್ಲ. 'ಸ್ಪೀಕ್ ವೈಟ್' ಅಂದರೆ ಫ್ರೆಂಚ್ ಆಡುವವರಿಗೆ ಇಂಗ್ಲಿಷ್‌ನಲ್ಲಿ ಮಾತಾಡಿ ಅಂತ ಹಂಗಿಸುವ ಮಾತು. ಕ್ವಿಬೆಕ್‌ನವರು ತಲೆ ಮೇಲೆ ಹೊತ್ತುಕೊಂಡಿದ್ದ, ಅದೇ ಹೆಸರಿನ ಮಿಶೆಲ್ ಲಲೋಂದ್ ಅವರ ಕವಿತೆಗೆ ಎದುರಾಗಿ 1989ರಲ್ಲಿ 'ಸ್ಪೀಕ್ ವಾಟ್' ಬರೆದರು. ನಿಮ್ಮ ಮೇಲೆ ಇಂಗ್ಲಿಷ್‌ನವರು ಮಾಡಿದ ದಬ್ಬಾಳಿಕೆ ಸರಿ, ಈಗ ನಿಮ್ಮ ಊರಲ್ಲಿ ನಮ್ಮ ಜಾಗ ಎಲ್ಲಿ ಅಂತ ಕೇಳುವ ಕವಿತೆ. ದೊಡ್ಡ ಗಲಾಟೆಯಾಯಿತು.

ಗಣಕ_ಗೌಡ
ನೆಲಮಾಳಿಗೆಯಲ್ಲಿ ಇಂಗ್ಲಿಷ್ ಮೀಡಿಯಂ! ಇದು ನಮ್ಮ ಬೆಳಗಾವಿ ಕಡೆ ಆಗಿದ್ದರೆ...

ನಿರ್ವಾಹಕ
ಗಡಿ ಮತ್ತು ಮಾಧ್ಯಮದ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಸಾವಿರ ಉತ್ತರ ದಾಟಿದೆ. ದಯವಿಟ್ಟು ಇಲ್ಲಿಗೆ ತರಬೇಡಿ.

ಗಣಕ_ಗೌಡ
ಬಾಯಿ ತೆರೆದೆ ಅಷ್ಟೇ ಸ್ವಾಮಿ, ಇನ್ನೂ ಏನೂ ಹೇಳಿರಲಿಲ್ಲ.

ಕಡಲತಡಿ
ಮಾರಾಯ್ರೇ, ನೀವೆಲ್ಲ ಅಳುವ ಪುಸ್ತಕಗಳನ್ನೇ ಹೇಳ್ತಾ ಇದ್ದೀರಿ. 'ಮ್ಯಾಂಬೊ ಇಟಾಲಿಯಾನೊ' ನೋಡಿಲ್ವಾ? ಸ್ಟೀವ್ ಗಲ್ಲೂಚಿಯೊ ಬರೆದ ನಾಟಕ, 2003ರಲ್ಲಿ ಸಿನಿಮಾ ಆಯಿತು. ಮಾಂಟ್ರಿಯಲ್‌ನ ಇಟಾಲಿಯನ್ ಹುಡುಗ, ತಾನು ಗೇ ಅಂತ ಅಪ್ಪ ಅಮ್ಮನಿಗೆ ಹೇಳಬೇಕು. ಆಮೇಲೆ ಕೂಗಾಟ, ಎದೆ ಬಡಿದುಕೊಳ್ಳುವುದು, ಪಕ್ಕದ ಮನೆಯವರು ಏನಂದಾರು ಅನ್ನುವುದು. ನಾಟಕ ಮೊದಲು ರಂಗಕ್ಕೆ ಬಂದಿದ್ದು ಫ್ರೆಂಚ್‌ನಲ್ಲಿ. ಫ್ರೆಂಚ್‌ಗೆ ತಂದವರು ಮಿಶೆಲ್ ತ್ರಾಂಬ್ಲೆ, ಅಲ್ಲಿನ ದೊಡ್ಡ ನಾಟಕಕಾರ. ನಾನು ಬಿದ್ದು ಬಿದ್ದು ನಕ್ಕಿದ್ದೇನೆ.

ಹಳೇಸೇತುವೆ
ನೋಡಿದ್ದೇನೆ. ನನಗೆ ಹಿಡಿಸಲಿಲ್ಲ. ಇಟಾಲಿಯನ್ ಅಂದರೆ ಕೂಗುವವರು, ಕೈ ಬೀಸುವವರು ಅನ್ನುವುದನ್ನೇ ಮತ್ತೆ ಮಾರಿದ್ದಾರೆ. ಅಂಥ ಅಪ್ಪ ಅಮ್ಮಂದಿರ ಮೌನವನ್ನು ಮಿಕೋನೆ ಬರೆದರು, ಇವರು ಅದೇ ಜನರ ಗದ್ದಲ ತೋರಿಸಿ ಟಿಕೆಟ್ ಮಾರಿದರು.

ಕಡಲತಡಿ
ಮನೆಯಲ್ಲಿ ಗದ್ದಲವೂ ಇರ್ತದೆ, ಮೌನವೂ ಇರ್ತದೆ ಸ್ವಾಮಿ. ಆ ಸಿನಿಮಾಕ್ಕೆ ಇಟಾಲಿಯನ್ ಅಮ್ಮಂದಿರೇ ಹೋಗಿ ನಕ್ಕಿದ್ದಾರೆ. ಓದಲು ಬರದಿದ್ದರೂ ನೋಡಲು ಬರ್ತದಲ್ಲ. ಹಾಸನದವರ ಪ್ರಶ್ನೆಗೆ ಉತ್ತರ ಅಲ್ಲೇ ಉಂಟು.

ತುಂಗಾತೀರ
ಮೌನ ಅಂದದ್ದಕ್ಕೆ ನೆನಪಾಯಿತು. ಗ್ವೀದೊ ನಿಂಕೇರಿ ಅಂತ ಒಬ್ಬ ಚಿತ್ರಕಾರ. ಇಟಲಿಯ ಪ್ರಾತೊದಲ್ಲಿ 1885ರಲ್ಲಿ ಹುಟ್ಟಿದವರು, ಮಾಂಟ್ರಿಯಲ್‌ನಲ್ಲಿ ನೆಲೆಸಿ ಚರ್ಚುಗಳಿಗೆ ಬಣ್ಣದ ಗಾಜಿನ ಕಿಟಕಿ ಮತ್ತು ಭಿತ್ತಿಚಿತ್ರ ಮಾಡುತ್ತಿದ್ದರು. ಅಲ್ಲಿನ ಲಿಟ್ಲ್ ಇಟಲಿಯ ಮಡೋನಾ ದೆಲ್ಲ ದಿಫೇಸಾ ಚರ್ಚ್ ಕಟ್ಟಿಕೊಂಡವರು ಬಹುಪಾಲು ಮೊಲಿಸೆಯಿಂದ ಬಂದವರು. ಅದರ ಒಳಗೆ ಮೇಲ್ಭಾಗದ ಚಿತ್ರದಲ್ಲಿ ಪೋಪ್ ಇದ್ದಾರೆ, ಸಂತರು, ದೇವತೆಗಳು ಇದ್ದಾರೆ, ಕೆಳಗೆ ಕುದುರೆ ಮೇಲೆ ಮುಸೊಲಿನಿಯೂ ಇದ್ದಾನೆ! 1929ರಲ್ಲಿ ಮುಸೊಲಿನಿ ಸರ್ಕಾರಕ್ಕೂ ಪೋಪ್‌ಗೂ ಆದ ಒಪ್ಪಂದದ ನೆನಪಿಗೆ ಬರೆದದ್ದು.

1940ರ ಜೂನ್ 10ರಂದು ಇಟಲಿ ಯುದ್ಧಕ್ಕೆ ಇಳಿಯಿತು. ಕೆನಡಾ ಸರ್ಕಾರ ಸುಮಾರು 600 ಇಟಾಲಿಯನ್ ಮೂಲದವರನ್ನು ಹಿಡಿದು ಶಿಬಿರಕ್ಕೆ ಹಾಕಿತು, ಇನ್ನೂ ಸುಮಾರು 31,000 ಜನರನ್ನು ಶತ್ರು ದೇಶದವರು ಅಂತ ಪಟ್ಟಿ ಮಾಡಿತು. ನಿಂಕೇರಿಯೂ ಪೆಟವಾವಾ ಶಿಬಿರಕ್ಕೆ ಹೋದರು, ಆ ಚಿತ್ರದ ದೆಸೆಯಿಂದ. ಬಿಡಿಸಿದ್ದು ಯಾರು ಗೊತ್ತಾ? ಹೆಂಡತಿ ಜೂಲಿಯಾ. ಗಂಡನ ಹಳೇ ರೇಖಾಚಿತ್ರಗಳನ್ನು ಹುಡುಕಿ ತೆಗೆದು ಅಧಿಕಾರಿಗಳ ಮುಂದೆ ಇಟ್ಟರು. ಮೊದಲ ಚಿತ್ರದಲ್ಲಿ ಮುಸೊಲಿನಿ ಇರಲೇ ಇಲ್ಲ, ಚರ್ಚಿನವರು ಒತ್ತಾಯ ಮಾಡಿ ಸೇರಿಸಿದ್ದು ಅನ್ನುವುದು ಅದರಿಂದ ಗೊತ್ತಾಯಿತು.

ಶಿಬಿರಕ್ಕೆ ಹೋಗಿ ಬಂದವರು ಮನೆಯಲ್ಲಿ ಬಾಯಿ ಬಿಡಲಿಲ್ಲ. ಎಷ್ಟೋ ಮಕ್ಕಳಿಗೆ ದೊಡ್ಡವರಾದ ಮೇಲೆ ವಿಷಯ ತಿಳಿಯಿತು. ಪ್ರಧಾನಿ ಟ್ರೂಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2021ರ ಮೇ ತಿಂಗಳಲ್ಲಿ. ಹೀಗಿರುವಾಗ ಮನೆಯ ಗುಟ್ಟು ಮನೆಯಲ್ಲೇ ಇರಲಿ ಅನ್ನುವವರಿಗೆ ನಾನು ಕೇಳುವುದು ಇಷ್ಟೇ. ಮಕ್ಕಳು ಬರೆಯದಿದ್ದರೆ ಇನ್ಯಾರು ಬರೆಯುತ್ತಿದ್ದರು?

ರವೆ_ಇಡ್ಲಿ
ಮುಸೊಲಿನಿ ಇನ್ನೂ ಗೋಡೆ ಮೇಲೆ ಇದ್ದಾನಾ?

ತುಂಗಾತೀರ
ಇದ್ದಾನೆ. ಯುದ್ಧದ ಕಾಲದಲ್ಲಿ ಮುಚ್ಚಿದ್ದರು, ಆಮೇಲೆ ತೆರೆದರು.

ಬಸವನಗುಡಿ_ಬಾಲ್ಕನಿ
@ತುಂಗಾತೀರ, "ಮಕ್ಕಳು ಬರೆಯದಿದ್ದರೆ ಯಾರು" ಅನ್ನುವುದು ಸರಿಯಲ್ಲ. ಶಿಬಿರದಲ್ಲಿ ಇದ್ದವರೇ ಬರೆದಿದ್ದಾರೆ. ಮಾರಿಯೊ ದುಲಿಯಾನಿ ಅನ್ನುವ ಪತ್ರಕರ್ತ ಒಳಗಿದ್ದು ಬಂದು 1945ರಲ್ಲೇ ಫ್ರೆಂಚ್‌ನಲ್ಲಿ 'ಲಾ ವಿಲ್ ಸಾಂ ಫಾಮ್' ತಂದರು. ಹೆಂಗಸರಿಲ್ಲದ ಊರು ಅಂತ ಹೆಸರು.

ತುಂಗಾತೀರ
ಅವರು ಪತ್ರಕರ್ತ, ಬರೆಯುವುದೇ ಅವರ ಕೆಲಸ. ಗಾರೆಯವನು, ಅಂಗಡಿಯವನು ಬರೆಯಲಿಲ್ಲ. ನಾನು ಹೇಳಿದ್ದು ಅವರ ಬಗ್ಗೆ.

ಕಾವೇರಿ_ಇನ್_ಕ್ಯಾಲ್ಗರಿ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಆಲ್ಬರ್ಟಾದಲ್ಲಿ ಇರುವುದರಿಂದ ಕತೆರೀನಾ ಎಡ್ವರ್ಡ್ಸ್ ಅವರ ಬಗ್ಗೆ ಹೇಳಬೇಕು ಅನ್ನಿಸಿತು. ಇವರು ಎಡ್ಮಂಟನ್‌ನ ಲೇಖಕಿ. ತಾಯಿ ಇಟಾಲಿಯನ್, ಹೆಸರು ರೋಸಾ. 2008ರಲ್ಲಿ 'ಫೈಂಡಿಂಗ್ ರೋಸಾ' ಬರೆದರು. ಅಮ್ಮನಿಗೆ ಆಲ್ಝೈಮರ್ಸ್, ಮಗಳೇ ನೋಡಿಕೊಳ್ಳುತ್ತಾಳೆ. ಅಮ್ಮನ ನೆನಪು ಹೋಗುತ್ತಿರುವಾಗ ಮಗಳು ಅಮ್ಮನ ಊರಿನ ಚರಿತ್ರೆ ಹುಡುಕಿಕೊಂಡು ಹೊರಡುತ್ತಾಳೆ. ಆ ಊರು ಇಸ್ತ್ರಿಯಾ ಕಡೆಯದು. ಎರಡನೇ ಯುದ್ಧ ಮುಗಿದ ಮೇಲೆ ಯುಗೊಸ್ಲಾವಿಯಾಕ್ಕೆ ಸೇರಿತು, ಅಲ್ಲಿನ ಇಟಾಲಿಯನ್ನರು ಗುಂಪು ಗುಂಪಾಗಿ ಊರು ಬಿಟ್ಟರು. ಅಂದರೆ ಅಮ್ಮ ವಾಪಸ್ ಹೋಗೋಣ ಅಂದರೂ ಆ ದೇಶ ಅಲ್ಲಿಲ್ಲ.

ನನ್ನ ಮಾವನವರಿಗೂ ಇದೇ ಕಾಯಿಲೆ. ಸಂಜೆಯಾದರೆ "ದನ ಹಟ್ಟಿಗೆ ಬಂತಾ?" ಅಂತ ಕೇಳುತ್ತಾರೆ, ಕ್ಯಾಲ್ಗರಿಯ ಏಳನೇ ಮಹಡಿಯಲ್ಲಿ ಕೂತು. ನಾನು ಬಂತು ಮಾವ ಅನ್ನುತ್ತೇನೆ. ಅದರಲ್ಲಿ ಗೌರಿ ಯಾವುದು, ತುಂಗೆ ಯಾವುದು ಅಂತ ಕೇಳುತ್ತಾರೆ. ನಾನು ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಅವರ ಒಪ್ಪಿಗೆ ಕೇಳುವ ಹಾಗಿಲ್ಲ, ಕೇಳಿದರೂ ಅವರು ನಾಳೆಗೆ ಮರೆಯುತ್ತಾರೆ. ನನ್ನ ಯಜಮಾನರಿಗೆ ಇದು ಇಷ್ಟವಿಲ್ಲ. ಯಾರ ಪಕ್ಷ ಸರಿ ನೀವೇ ಹೇಳಿ.

ಹಾಸನದ_ಓದುಗ
ಕಾವೇರಿಯವರೇ, ಬರೆಯಿರಿ ಅಂತ ನನ್ನ ಮನಸ್ಸು ಹೇಳುತ್ತದೆ. ನಿಮ್ಮ ಯಜಮಾನರನ್ನೇ ಮೊದಲ ಓದುಗ ಮಾಡಿಕೊಳ್ಳಿ.

ಬಸವನಗುಡಿ_ಬಾಲ್ಕನಿ
ಬರೆಯಿರಿ, ಆದರೆ ಸದ್ಯಕ್ಕೆ ಅಚ್ಚು ಹಾಕಿಸಬೇಡಿ. ಬರೆದಿಡುವುದು ಒಂದು, ಹಂಚುವುದು ಇನ್ನೊಂದು. ಈ ಎಳೆಯಲ್ಲಿ ಎರಡನ್ನೂ ಕಲಸಿ ಮಾತಾಡುತ್ತಿದ್ದೇವೆ.

ಕಾವೇರಿ_ಇನ್_ಕ್ಯಾಲ್ಗರಿ
ಇದು ಒಪ್ಪಬೇಕಾದ ಮಾತು. ಥ್ಯಾಂಕ್ಸ್.

ಬ್ರಾಂಪ್ಟನ್_ಹುಡುಗಿ
ಹಾಯ್, ನನ್ನ ಕನ್ನಡ ಸ್ವಲ್ಪ ಅಷ್ಟಕ್ಕಷ್ಟೇ, ಬೈಕೋಬೇಡಿ. ನಾನು ಇಲ್ಲೇ ಹುಟ್ಟಿದವಳು, ಇಂಗ್ಲಿಷ್‌ನಲ್ಲಿ ಕಥೆ ಬರೆಯುತ್ತೇನೆ. ಕಾಲೇಜಿನಲ್ಲಿ ಮೇರಿ ಡಿ ಮಿಕೆಲೆ ಅವರ ಕವಿತೆಗಳು ಪಾಠಕ್ಕಿದ್ದವು, 'ಮಿಮೋಸಾ' ಅಂತ. ಒಂದೇ ಮನೆಯ ಅಪ್ಪ ಮತ್ತು ಇಬ್ಬರು ಹೆಣ್ಣುಮಕ್ಕಳು, ಮೂವರೂ ಬೇರೆ ಬೇರೆಯಾಗಿ ಮಾತಾಡುತ್ತಾರೆ. ಒಬ್ಬಳು ಮನೆ ಹೇಳಿದ ಹಾಗೆ ಕೇಳಿದವಳು, ಒಬ್ಬಳು ಕೇಳದವಳು. ಯಾರದ್ದು ಸರಿ ಅಂತ ಕವಿತೆ ಹೇಳುವುದಿಲ್ಲ. ನನಗೆ ಅದು ತುಂಬಾ ಸಹಾಯ ಆಯಿತು. ಯಾಕೆಂದರೆ ನನಗೂ ಒಬ್ಬಳು ತಂಗಿ ಇದ್ದಾಳೆ, ಅವಳು ಕೇಳುವವಳು.

ನಾನು ನಮ್ಮಮ್ಮನ ಬಗ್ಗೆ ಒಂದು ಕಥೆ ಬರೆದೆ. ಅಮ್ಮನಿಗೂ ಅಜ್ಜಿಗೂ ಆದ ಜಗಳ, ಅಮ್ಮ ತವರಿಗೆ ಹೋಗಿ ಕೂತಿದ್ದು, ಎಲ್ಲಾ ಹಾಕಿದೆ. ಅಮ್ಮ ಇಂಗ್ಲಿಷ್ ಕಥೆ ಓದಲ್ಲ ಅಂದುಕೊಂಡಿದ್ದೆ. ಓದಿದರು! ಎರಡು ದಿನ ಏನೂ ಹೇಳಲಿಲ್ಲ. ಆಮೇಲೆ ಪಾತ್ರೆ ತೊಳೆಯುತ್ತಾ, "ನಮ್ಮನೇಲಿ ಯಾವತ್ತು ಬಿಸಿಬೇಳೆ ಬಾತಿಗೆ ಆಲೂಗಡ್ಡೆ ಹಾಕಿದ್ದೇವೆ? ಓದಿದವರು ಏನಂದುಕೊಳ್ಳಲ್ಲ?" ಅಂದರು. ಅಷ್ಟೇ. ಜಗಳದ ಬಗ್ಗೆ ಒಂದು ಮಾತೂ ಇಲ್ಲ.

ರವೆ_ಇಡ್ಲಿ
ಅಮ್ಮ ಹೇಳಿದ್ದು ನ್ಯಾಯ. ಆಲೂಗಡ್ಡೆ ಹಾಕುವುದು ಅಪರಾಧ.

ಗಣಕ_ಗೌಡ
ನಮ್ಮನೇಲಿ ಹಾಕ್ತೀವಿ. ಏನೀಗ?

ವುಡ್‌ಬ್ರಿಜ್_ವಾಸಿ
ನಿರ್ವಾಹಕರೇ, ಬಿಸಿಬೇಳೆ ಬಾತಿಗೆ ಬೇರೆ ಎಳೆ ಇದೆಯಾ? ಇಲ್ಲದಿದ್ದರೆ ಬೇಗ ಮಾಡಿ.

ಹಳೇಸೇತುವೆ
ಬ್ರಾಂಪ್ಟನ್ ಹುಡುಗಿಯ ಮಾತಿಗೆ ಒಂದು ಪುಸ್ತಕ ಜೋಡಿಸುತ್ತೇನೆ. ಮೇರಿ ಮೆಲ್ಫಿ, ಮೊಲಿಸೆಯ ಕಸಕಲೆಂದಾದಲ್ಲಿ ಹುಟ್ಟಿ ಮಾಂಟ್ರಿಯಲ್‌ಗೆ ಬಂದವರು. 2009ರಲ್ಲಿ 'ಇಟಲಿ ರಿವಿಸಿಟೆಡ್' ತಂದರು. ಅಮ್ಮ ಮಗಳ ಮಾತುಕತೆಯೇ ಇಡೀ ಪುಸ್ತಕ. ಅಮ್ಮ ಹುಡುಗಿಯಾಗಿದ್ದಾಗ ಹಳ್ಳಿಯಲ್ಲಿ ಏನು ತಿನ್ನುತ್ತಿದ್ದರು, ಹೇಗೆ ಮದುವೆ ಮಾಡುತ್ತಿದ್ದರು, ಬಡತನ ಹೇಗಿತ್ತು, ಎಲ್ಲ. ಮಗಳು ಕೇಳುತ್ತಾಳೆ, ಅಮ್ಮ ಹೇಳುತ್ತಾಳೆ, ಕೆಲವು ಸಲ ಬೈಯುತ್ತಾಳೆ. ಹಾಸನದ ಸರ್ ಹೇಳಿದ ಬೆನ್ನ ಹಿಂದೆ ಅನ್ನುವುದು ಇಲ್ಲಿ ಇಲ್ಲವೇ ಇಲ್ಲ, ಅಮ್ಮ ಎದುರಿಗೇ ಕೂತಿದ್ದಾಳೆ.

ಬಸವನಗುಡಿ_ಬಾಲ್ಕನಿ
ಅಂಥದ್ದು ಬೇಕು. ಆದರೆ ಕೊನೆಗೆ ಯಾವುದು ಇಡಬೇಕು, ಯಾವುದು ತೆಗೆಯಬೇಕು ಅಂತ ಕತ್ತರಿ ಹಿಡಿದವಳು ಮಗಳೇ ಅಲ್ವಾ?

ಹಳೇಸೇತುವೆ
ನಿಮಗೆ ಒಪ್ಪಿಗೆಯಾಗುವ ಪುಸ್ತಕ ಇನ್ನೂ ಅಚ್ಚಾಗಿಲ್ಲ ಬಿಡಿ.

ಮಾಂಟ್ರಿಯಲ್_ಮಲ್ಲಿಗೆ
ವುಡ್‌ಬ್ರಿಜ್‌ನವರು ಚಿತ್ರದ ಬಗ್ಗೆ ಹೇಳಿದ್ದಕ್ಕೆ ಇದು. ವಿಂಚೆಂಜೊ ಪಿಯೆತ್ರೊಪಾವ್ಲೊ ಅನ್ನುವ ಟೊರಾಂಟೊ ಫೋಟೋಗ್ರಾಫರ್ ಇದ್ದಾರೆ, ಕಲಾಬ್ರಿಯಾದಲ್ಲಿ ಹುಟ್ಟಿದವರು. 1970ರ ದಶಕದಿಂದ ತಮ್ಮ ಜನರನ್ನೇ ಕಪ್ಪು ಬಿಳುಪಿನಲ್ಲಿ ಹಿಡಿದರು. ಕಟ್ಟಡ ಕೆಲಸದವರು, ಮುಷ್ಕರದವರು, ಗುಡ್‌ಫ್ರೈಡೆ ದಿನ ಲಿಟ್ಲ್ ಇಟಲಿಯ ಬೀದಿಯಲ್ಲಿ ಹೊರಡುವ ಮೆರವಣಿಗೆ. 2006ರ ಪುಸ್ತಕದ ಹೆಸರು 'ನಾಟ್ ಪೇವ್ಡ್ ವಿತ್ ಗೋಲ್ಡ್'. ಬೀದಿಗೆ ಚಿನ್ನ ಹಾಸಿರಲಿಲ್ಲ, ಕಾಂಕ್ರೀಟು ಹಾಸಿದವರು ಇವರೇ.

ಈ ಜನ ಹೇಗೆ ಸತ್ತರು ಅನ್ನುವುದೂ ಗೊತ್ತಿರಲಿ. 1960ರ ಮಾರ್ಚ್ 17ರಂದು ಟೊರಾಂಟೊದ ಹಾಗ್ಸ್ ಹಾಲೊದಲ್ಲಿ ಡಾನ್ ನದಿಯ ಕೆಳಗೆ ನೀರಿನ ಕೊಳವೆಗೆ ಸುರಂಗ ತೋಡುತ್ತಿದ್ದಾಗ ಬೆಂಕಿ ಬಿತ್ತು. ಐದು ಜನ ಇಟಾಲಿಯನ್ ಕೂಲಿಗಳು ಒಳಗೇ ಸತ್ತರು, ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು. ಆಮೇಲೆ ಮುಷ್ಕರಗಳಾದವು, ಕೆಲಸದ ಸುರಕ್ಷತೆಯ ಕಾನೂನು ಬದಲಾಯಿತು. ಯಾರ್ಕ್ ಮಿಲ್ಸ್ ಮೆಟ್ರೊ ನಿಲ್ದಾಣದಲ್ಲಿ ಅವರ ನೆನಪಿಗೆ ದೊಡ್ಡ ಕೌದಿಯೊಂದನ್ನು ತೂಗುಹಾಕಿದ್ದಾರೆ.

ಪಿಯೆತ್ರೊಪಾವ್ಲೊ ಅಲ್ಲಿಗೇ ನಿಲ್ಲಲಿಲ್ಲ. ಮೆಕ್ಸಿಕೊ, ಜಮೈಕಾ ಕಡೆಯಿಂದ ಪ್ರತಿ ವರ್ಷ ಹೊಲದ ಕೆಲಸಕ್ಕೆ ಬಂದು ಹೋಗುವ ಕೂಲಿಗಳ ಫೋಟೋ ತೆಗೆದರು, 2009ರಲ್ಲಿ 'ಹಾರ್ವೆಸ್ಟ್ ಪಿಲ್ಗ್ರಿಮ್ಸ್' ಪುಸ್ತಕವಾಯಿತು. ಅಂಥ ಕೂಲಿಗಳು ದುಡಿಯುವ ದೊಡ್ಡ ಕೇಂದ್ರವೇ ಲೆಮಿಂಗ್ಟನ್. ಟೊಮೇಟೊ ಬೆಳೆಯುವ ಗಾಜುಮನೆಗಳ ಊರು. ರಿಚ್ಚಿ ಹುಟ್ಟಿದ ಊರೂ ಅದೇ. ಅವರ ಎರಡನೇ ಕಾದಂಬರಿ 'ಇನ್ ಎ ಗ್ಲಾಸ್ ಹೌಸ್' ಅಂಥ ಗಾಜುಮನೆ ತೋಟದಲ್ಲೇ ನಡೆಯುತ್ತದೆ. ನನಗೆ ಮೊದಲನೆಯದಕ್ಕಿಂತ ಇದೇ ಇಷ್ಟ. ಇಲ್ಲಿ ಮುದ್ದಾದ ಹಳ್ಳಿ ಇಲ್ಲ, ಹಾವು ಇಲ್ಲ. ಮಾತಾಡದ ಅಪ್ಪ, ಗೊಬ್ಬರ, ಬಾಯ್ಲರ್, ಸಾಲ.

ಹಳೇಸೇತುವೆ
ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿದೆಯಾ? ನಾನು ನೂರು ಪುಟಕ್ಕೆ ಕೈಬಿಟ್ಟೆ. ಅಪ್ಪನೂ ಮಾತಾಡಲ್ಲ, ಮಗನೂ ಮಾತಾಡಲ್ಲ, ಓದುವವರು ಏನು ಮಾಡಬೇಕು?

ಮಾಂಟ್ರಿಯಲ್_ಮಲ್ಲಿಗೆ
ನೂರೊಂದನೇ ಪುಟ ಓದಬೇಕು!

ಶಾರದಾ_ಮೇಡಂ
ನಿವೃತ್ತ ಗ್ರಂಥಪಾಲಕಿ ನಾನು, ಸ್ವಲ್ಪ ತಡವಾಗಿ ಬಂದೆ. ಎಲ್ಲರೂ ಒಂದನ್ನು ಒಪ್ಪಿಕೊಂಡು ಮಾತಾಡುತ್ತಿದ್ದೀರಿ, ಬರೆಯುವವರು ಮಕ್ಕಳು, ಬರೆಸಿಕೊಳ್ಳುವವರು ಅಮ್ಮಂದಿರು ಅಂತ. ಮಾರಿಯಾ ಆರ್ಡಿಜ್ಜಿ ಅವರನ್ನು ಯಾರೂ ಹೆಸರಿಸಲಿಲ್ಲ. ಅವರು ದೊಡ್ಡವರಾದ ಮೇಲೆ ಟೊರಾಂಟೊಗೆ ವಲಸೆ ಬಂದವರು. ಕೆನಡಾದಲ್ಲಿ ಕೂತು ಇಟಾಲಿಯನ್‌ನಲ್ಲೇ ಕಾದಂಬರಿ ಬರೆದರು. 1982ರ 'ಮೇಡ್ ಇನ್ ಇಟಲಿ'. ಅದರಲ್ಲಿ ಕಥೆ ಹೇಳುವುದು ನೋರಾ, ವಯಸ್ಸಾದ ವಲಸಿಗ ತಾಯಿ. ಮಕ್ಕಳು ಹೇಗೆ ದೂರ ಸರಿದರು ಅಂತ ಲೆಕ್ಕ ಒಪ್ಪಿಸುವುದು ಅವಳೇ. ಅಲ್ಲಿ ಓದಲಾಗದ ಸ್ಥಿತಿ ಯಾರದು ಹೇಳಿ? ಇಟಾಲಿಯನ್ ಮರೆತ ಮಕ್ಕಳದ್ದು.

ಇಂಗ್ಲಿಷ್‌ಗೆ ಬಂದಿದೆ, ಆದರೆ ಅಂಗಡಿಯಲ್ಲಿ ಸಿಗುವುದು ಕಷ್ಟ.

ಬಸವನಗುಡಿ_ಬಾಲ್ಕನಿ
ಮೇಡಂ, ಇದನ್ನು ಮೊದಲೇ ಹೇಳಿದ್ದರೆ ನನ್ನ ಅರ್ಧ ಟೈಪಿಂಗ್ ಉಳಿಯುತ್ತಿತ್ತು.

ಹಳೇಸೇತುವೆ
ಉಳಿದ ಅರ್ಧ ಆಗಲೂ ಮಾಡುತ್ತಿದ್ದಿರಿ.

ಹಾಸನದ_ಓದುಗ
ಶಾರದಾ ಮೇಡಂ, ನನಗೆ ಮೊದಲು ಇದೇ ಬೇಕು. ಆಮೇಲೆ ಪಾಚಿ, ಆಮೇಲೆ ಮೆಲ್ಫಿ. ಯಾರ ಹತ್ತಿರವಾದರೂ 'ಮೇಡ್ ಇನ್ ಇಟಲಿ' ಇದೆಯಾ? ಓದಿ ಹಾಳು ಮಾಡದೆ ವಾಪಸ್ ಕೊಡುತ್ತೇನೆ.

ಶಾರದಾ_ಮೇಡಂ
ನನ್ನ ಹತ್ತಿರ ಒಂದು ಪ್ರತಿ ಇದೆ, ಬೆನ್ನು ಬಿಟ್ಟುಹೋಗಿದೆ, ಅಂಟು ಹಾಕಿದ್ದೇನೆ. ಮುಂದಿನ ತಿಂಗಳು ಹಾಸನದಲ್ಲಿ ನಮ್ಮ ನೆಂಟರ ಮದುವೆ, ಬರುವಾಗ ತರುತ್ತೇನೆ. ಪುಟದ ಮೂಲೆ ಮಡಚುವ ಅಭ್ಯಾಸ ಇದ್ದರೆ ಈಗಲೇ ಹೇಳಿಬಿಡಿ, ತರುವುದಿಲ್ಲ.

ರವೆ_ಇಡ್ಲಿ
ಮದುವೆ ಊಟದಲ್ಲಿ ಬಿಸಿಬೇಳೆ ಬಾತ್ ಇದ್ದರೆ ಆಲೂಗಡ್ಡೆ ಇದೆಯಾ ನೋಡಿ ಇಲ್ಲಿ ಹಾಕಿ ಮೇಡಂ.